ಊರಾಗ ಇದ್ದವರು, ಮನ್ಯಾಗ ಇದ್ದವರು

ಹೊಸ ರಾಜ್ಯ ಬಂದ ಮೇಲೆ ನಮ್ಮ ಮಾಗನೂರಿನಲ್ಲಿ ಮೊದಲು ಬದಲಾದದ್ದು ಬೈಗುಳ. ಸುಮ್ಮನೆ ಕೂತವರಿಗೆ ಹಿಂದೆಲ್ಲ ದಂಡಪಿಂಡ ಅನ್ನುತ್ತಿದ್ದರು. ಈಗ ಸರ್ಕಾರಿ ನೌಕರಿಯ ‘ನೋಟಿಫಿಕೇಶನ್ ಕಾಯಾಕ ಹತ್ಯಾರ’ ಅನ್ನತೊಡಗಿದರು. ನೀರು, ನಿಧಿ, ನೌಕರಿ ಎಲ್ಲ ನಮಗೇ ಬರುತ್ತದೆ ಎಂದು ರಾಜ್ಯದ ಹೋರಾಟದಲ್ಲಿ ಕೂಗಿದವರಲ್ಲಿ ನಾನೂ ಒಬ್ಬಳು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅದೇ ಮಾತಿನ ಪರವಾಗಿ ಒಮ್ಮೆ, ವಿರುದ್ಧವಾಗಿ ಒಮ್ಮೆ ಮಾತಾಡಿ ಎರಡೂ ಸಲ ಬಹುಮಾನ ತಂದವಳು. ಹಾಗೆ ಗೆದ್ದವರಿಗೆ ಯಾವುದರ ಮೇಲೂ ಪೂರಾ ನಂಬಿಕೆ ಉಳಿಯುವುದಿಲ್ಲ.

ಡಿಗ್ರಿ ಮುಗಿದಿತ್ತು. ನಮ್ಮ ಕಾಕಾ ಮೇಸ್ತ್ರಿ; ಪ್ರತಿ ವರ್ಷ ಗುಂಪು ಕಟ್ಟಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವವನು. ಗುಂಪಿನಲ್ಲಿ ಅವ್ವನೂ ಇರುತ್ತಾಳೆ.

“ಅಮಾಸಿ ಆದಮ್ಯಾಲ ಹೊಂಡತೀವಿ. ಹಾಜರಿ ಬರ್ಯಾಕ ಓದಿದವರು ಬೇಕಾಗ್ಯಾರ. ಬರ್ತೀಯೇನವ್ವಾ, ಇಲ್ಲಾ ನೋಟಿಫಿಕೇಶನ್ ಕಾಯ್ತೀಯೋ?” ಎಂದ ಕಾಕಾ.

ಹೋಗಲು ನನಗೆ ಮನಸ್ಸಿರಲಿಲ್ಲ. ಉಳಿಯಲು ಕಾರಣವೂ ಇರಲಿಲ್ಲ. ನಾರಾಯಣಪೇಟೆಯ ಒಂದು ಸ್ಪೋಕನ್ ಇಂಗ್ಲಿಷ್ ಸೆಂಟರಿಗೆ ಟೀಚರ್ ಬೇಕೆಂದು ತಿಳಿದ ದಿನವೇ ಮಕ್ತಲ್ ಬಸ್ಸು ಹತ್ತಿದೆ, ಮಕ್ತಲ್‌ನಲ್ಲಿ ಬಸ್ಸು ಬದಲಿಸಿದೆ. ಸೆಂಟರಿನ ಮಾಲಕರು ಗದ್ವಾಲದವರು, ಇಸ್ತ್ರಿ ಅಂಗಿಯ ಮನುಷ್ಯ. “ಒಂದ್ ಡೆಮೋ ಕ್ಲಾಸ್ ತಗೋರಿ, ನೋಡೂಣು” ಎಂದು ಹಿಂದಿನ ಬೆಂಚಿನಲ್ಲಿ ಕೂತರು.

ಅವತ್ತಿನ ಪಾಠ ಕೆಲಸದ ಮಾತುಗಳು. ಎಂಪ್ಲಾಯರ್, ಎಂಪ್ಲಾಯೀ, ಕರಿಯರ್, ಪ್ರಮೋಷನ್, ರಿಸೈನ್. ಹಲಗೆಯ ಮೇಲೆ ಒಂದೊಂದೇ ಬರೆಯುತ್ತ ಹೋದೆ. ನಮ್ಮೂರಲ್ಲಿ ಯಾರೂ ರಿಸೈನ್ ಮಾಡಿದ್ದು ನಾನು ಕಂಡಿಲ್ಲ. ಕೆಲಸ ಬೇಡವಾದರೆ ಮರುದಿನ ಬರುವುದಿಲ್ಲ, ಅಷ್ಟೇ. ಆದರೂ ಬರೆದೆ. ಆಮೇಲೆ ಮುಂದಿನ ಸಾಲಿನ ಹುಡುಗಿಗೆ, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಮೈ ಫಾದರ್ ಈಸ್ ಅಟ್ ಹೋಮ್.”

ನಮ್ಮ ಕಡೆ ‘ಹೋಗ್ಯಾನ’ ಅಂದರೆ ಕೆಲಸದಲ್ಲಿದ್ದಾನೆ ಎಂದರ್ಥ; ‘ಊರಾಗ ಅದಾನ’ ಅಂದರೆ ಖಾಲಿ. ನಾನು ಯೋಚಿಸಲೇ ಇಲ್ಲ. “ಹಾಗಾದರೆ ಅನ್‌ಎಂಪ್ಲಾಯ್ಡ್ ಅನ್ನು” ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ.

ಹುಡುಗಿಯ ಮುಖ ಬಿಗಿಯಾಯಿತು. “ಖಾಲಿ ಇಲ್ರೀ ಮೇಡಂ. ಮನ್ಯಾಗ ಅದಾರ ಅಂದ್ರ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ನೇಯ್ಕೋತ ಕುಂತಾರ. ನೂಲು ಸಿಗದಾಗ ಹೊರಗ ತಿರುಗತಾರ.”

“ಅಪ್ಪ ಹೊರಗ ಕಂಡ್ರ ನಮ್ಮವ್ವ ಅಳತಾಳ್ರೀ!” ಎಂದು ಪಕ್ಕದವಳು ಸೇರಿಸಿದಳು. ಅರ್ಧ ಕ್ಲಾಸು ನಕ್ಕಿತು. ಆ ಅರ್ಧವೆಲ್ಲ ನೇಕಾರರ ಓಣಿಯದು.

ಬರೆದದ್ದನ್ನು ಅಳಿಸಿದೆ. ಹಿಂದಿನಿಂದ ಮಾಲಕರು, “ಸೆಲ್ಫ್ ಎಂಪ್ಲಾಯ್ಡ್ ಅಂತ ಬರೀರಿ, ಮುಗೀತು” ಎಂದರು.

ಅಲ್ಲಿಗೆ ಸುಮ್ಮನಿದ್ದರೆ ನೌಕರಿ ನನ್ನದು. ಗೊತ್ತಿತ್ತು. “ಸರ್, ನೂಲು ಯಾರದು?” ಅಂದೆ.

“ಸಾಹುಕಾರರದು.”

“ಸೀರೆ ಅಂಚಿನ ಬಣ್ಣ ಹೇಳುವವರು?”

“ಅವರೇ.”

“ಸೀರೆ ಒಯ್ಯುವವರೂ ಅವರೇ. ಇದರಲ್ಲಿ ಸೆಲ್ಫ್ ಎಲ್ಲಿದೆ? ಸರಿ, ಎಂಪ್ಲಾಯೀ ಅನ್ನೋಣ. ಹಾಗಾದರೆ ರಜೆ ಎಲ್ಲಿ, ಪಗಾರದ ಚೀಟಿ ಎಲ್ಲಿ?”

“ಇಂಟರ್‌ವ್ಯೂದಾಗ ಇಷ್ಟೆಲ್ಲಾ ಯಾರು ಕೇಳತಾರ್ರೀ? ಒಂದ್ ಶಬ್ದ ಬೇಕು, ಅಷ್ಟೇ.”

“ತಪ್ಪು ಶಬ್ದವಾದರೂ?”

ಹುಡುಗರು ಬೆಂಚು ಬಡಿದರು. ಚರ್ಚೆಯಲ್ಲಾದರೆ ಅಲ್ಲಿಗೆ ಗಂಟೆ ಹೊಡೆದು ನನ್ನ ಹೆಸರು ಕರೆಯುತ್ತಿದ್ದರು. ಇಲ್ಲಿ ಆ ಹುಡುಗಿ ಎದ್ದು ನಿಂತು, “ಅದೆಲ್ಲಾ ಖರೇರೀ ಮೇಡಂ. ಕಡೀಕ ನಾ ಏನನ್ಲಿ?” ಎಂದಳು.

ಇನ್ನೊಬ್ಬರ ಶಬ್ದ ಬೀಳಿಸುವುದನ್ನು ಕಲಿತಿದ್ದೆ, ಅದರ ಜಾಗದಲ್ಲಿ ಒಂದನ್ನು ನಿಲ್ಲಿಸುವುದನ್ನಲ್ಲ. ಕೊನೆಗೆ, “ಮೈ ಫಾದರ್ ವೀವ್ಸ್ ಸಾರೀಸ್ ಅನ್ನು” ಎಂದೆ.

ಅವಳು ಬಾಯಲ್ಲೇ ಒಮ್ಮೆ ಅಂದುಕೊಂಡು ಕೂತಳು.

ಕ್ಲಾಸು ಬಿಟ್ಟ ಮೇಲೆ ಮಾಲಕರು ಬಾಗಿಲಲ್ಲಿ ನಿಲ್ಲಿಸಿದರು. “ಪಾಠ ಛಲೋ ಹೇಳ್ತೀರಿ. ಆದ್ರ ಅದು ಮೂರನೇ ಕ್ಲಾಸಿನ ಇಂಗ್ಲಿಷ್. ಅದಕ್ಕ ಯಾರು ಫೀಸ್ ಕೊಡತಾರ? ನಾ ಕೊಟ್ಟ ಶಬ್ದ ಹೇಳ್ರಿ, ವಾದ ಮನ್ಯಾಗ ಇಟ್ಟು ಬರ್ರಿ. ಒಪ್ಪಿಗಿ ಇದ್ರ ಅಮಾಸಿ ಮರುದಿನದಿಂದ ಬರ್ರಿ.”

“ಆ ಹುಡುಗಿಯ ಒಂದು ವಾಕ್ಯ ಹಾಗೇ ಇರಲಿ, ಸರ್.”

ಅವರು ನಕ್ಕರು. “ಆಕಿಗೆ ಒಬ್ಬಾಕಿಗೆ ಇರ್ಲಿ.”

ಒಪ್ಪಿದೆ. ಎಂಪ್ಲಾಯೀ ಎಂದು ಹಲಗೆಯ ಮೇಲೆ ಬರೆದವಳು ನಾನೇ. ಅದರೊಳಗೆ ಹೋಗಿ ಕೂತದ್ದೂ ನಾನೇ. ವಾಪಸು ಬರುವಾಗ ಬಸ್ಸಿನಲ್ಲಿ ಮಾಲಕರಿಗೆ ಕೊಡಬಹುದಾಗಿದ್ದ ಉತ್ತರಗಳೆಲ್ಲ ಒಂದರ ಹಿಂದೊಂದು ಬಂದವು, ಒಂದೂ ಕೆಲಸಕ್ಕೆ ಬರಲಿಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಒಟ್ಟಿಗೇ ಇಳಿದೆವು. ಗುಂಪು ಹೈದರಾಬಾದ್ ಬಸ್ಸಿಗೆ, ನಾನು ನಾರಾಯಣಪೇಟೆ ಬಸ್ಸಿಗೆ. ಗಂಟುಗಳ ಮೇಲೆ ಕೂತಿದ್ದ ಅವ್ವನನ್ನು ಪಕ್ಕದೂರಿನ ಒಬ್ಬಾಕೆ ಮಾತಾಡಿಸಿದಳು. “ಮಗಳು ನಿನ್ ಜೋಡಿ ಬರಂಗಿಲ್ಲೇನಬೇ?”

“ಇಲ್ಲವ್ವಾ, ಆಕಿ ಇಲ್ಲೇ ಇರ್ತಾಳ.”

“ಅಯ್ಯ, ಪಾಪ! ಡಿಗ್ರಿ ಓದಿದ್ರೂ ಏನೂ ಸಿಗಲಿಲ್ಲೇನು?”

ಅವ್ವ ನನ್ನ ಕಡೆ ನೋಡಿದಳು. ನೌಕರಿ ಎಂದರೆ ಆ ಹೆಂಗಸು ಯಾವ ಊರಲ್ಲಿ ಎಂದು ಕೇಳುತ್ತಾಳೆ, ಸರ್ಕಾರದ್ದೋ ಎಂದು ಕೇಳುತ್ತಾಳೆ. ಅವ್ವನಿಗೆ ಅಷ್ಟೆಲ್ಲ ಹೇಳುವ ಮನಸ್ಸಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಾರಾಯಣಪೇಟೆ ಬಸ್ಸು ಬಂತು.

“ಪಾಠ ಹೇಳತಾಳ,” ಎಂದಳು ಅವ್ವ. “ಹೋಗು, ಸೀಟ್ ಹಿಡಿ.”