ತಪ್ಪೆಲ್ಲ ಅಣ್ಣನಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯಲ್ಲಿ ಗಾಡಿಗಳ ಸದ್ದಿಲ್ಲ, ಪಕ್ಕದ ಮನೆಯ ನೀರಿನ ಪಂಪು ಎದ್ದಿಲ್ಲ. ಅದು ಏಳುವ ಮೊದಲೇ ಇಲ್ಲಿ ಕೆಲಸ ಮುಗಿಯಬೇಕು. ಅಡುಗೆಮನೆಗೆ ಅಂಟಿಕೊಂಡ ಸಾಮಾನಿನ ಕೋಣೆಯ ಗೋಡೆಗಳಿಗೆ ಹಳೆಯ ರಜಾಯಿಗಳನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ, ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಎಂದು. ಒಂದು ಸ್ಟೂಲಿನ ಮೇಲೆ ಅಣ್ಣ, ಇನ್ನೊಂದರ ಮೇಲೆ ತಂಗಿ, ನಡುವೆ ಹಿಟ್ಟಿನ ಡಬ್ಬದ ಮೇಲೆ ಮೈಕು.

“ಅಣ್ಣ, ಅಜ್ಜಿ ಮೇಲೆ ಏಣಿ ಇಟ್ರು,” ಎನ್ನುತ್ತಾರೆ ತಂಗಿ.

ಅಣ್ಣನ ಕತ್ತಿನಲ್ಲಿ ಒಂದು ತೂತಿದೆ. ಅವರು ಉಸಿರಾಡುವುದು ಅದರಲ್ಲೇ. ಆ ಸುಯ್ಯೆನ್ನುವ ಸದ್ದು ಮೈಕಿಗೆ ಬೀಳಬಾರದು. ಉಸಿರು ಬಿಗಿಹಿಡಿದು, ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿ, ಒಂದು ಸಲ ‘ಲೊಚ್’ ಎನ್ನುತ್ತಾರೆ.

“ಇದು ಅಜ್ಜಿ ತೀರಿಕೊಂಡ ಹಾಗಾಯ್ತು. ಅಜ್ಜಿಗೇನೂ ಆಗಿಲ್ಲ. ಏಣಿ ಇಟ್ಟೋನ ಬುದ್ಧಿಗೆ ಆಗಿರೋದು.”

ಅಣ್ಣ ಹುಬ್ಬೇರಿಸುತ್ತಾರೆ. ಈ ಸಲ ಚುರುಕಾಗಿ ಎರಡು, ಸ್ವಲ್ಪ ತಡೆದು ಇನ್ನೊಂದು. ತಂಗಿ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ನಗು ಮೈಕಿಗೆ ಬಿದ್ದರೆ ಮತ್ತೆ ಮೊದಲಿನಿಂದ ಶುರು.

ಕಂಪ್ಯೂಟರಿನಲ್ಲಿ ಆಡುವ ಒಂದು ನಗೆಯಾಟಕ್ಕೆ ನಡೆಯುತ್ತಿರುವ ಕೆಲಸ ಇದು. ಆಟದ ಹೆಸರು ‘ಬೀಗಣ್ಣ’. ಧಾರಾವಾಹಿಯ ಹಾಗೆ ಕಂತು ಕಂತಾಗಿ ಬರುತ್ತದೆ. ಇಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ತೆರೆಯ ಮೇಲೆ ಒಂದು ಮನೆಯೋ ಬೀದಿಯೋ ಇರುತ್ತದೆ. ಕಂಡ ವಸ್ತುವಿನ ಮೇಲೆ ಮೌಸ್ ಒತ್ತಿದರೆ ಬೀಗಣ್ಣ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಯಾವ ವಸ್ತುವನ್ನು ಯಾವುದಕ್ಕೆ ತಾಗಿಸಬೇಕು ಎಂದು ಹೊಳೆದರೆ ಕಥೆ ಮುಂದೆ ಹೋಗುತ್ತದೆ. ಬೀಗಣ್ಣ ಬೀಗ ರಿಪೇರಿ ಮಾಡುವವನು, ಆದರೆ ಇಲ್ಲಿಯವರೆಗೆ ಒಂದು ಬೀಗವನ್ನೂ ತೆಗೆದವನಲ್ಲ. ಬಾಗಿಲಲ್ಲಿ ನಿಂತು “ಬೀಗದವರು ಬಂದಿದ್ದೀವಿ” ಎನ್ನುತ್ತಾನೆ, ಒಳಗಿನವರಿಗೆ “ಬೀಗರು ಬಂದಿದ್ದೀವಿ” ಎಂದು ಕೇಳಿಸುತ್ತದೆ. ಕೂರಿಸಿ ಉಪಚಾರ ಮಾಡುತ್ತಾರೆ, ಮನೆಯ ಜಗಳವನ್ನೆಲ್ಲ ಅವನ ಮುಂದೆ ಹರವುತ್ತಾರೆ. ಬೀಗ ಮಾತ್ರ ಹಾಗೇ ಉಳಿಯುತ್ತದೆ.

ಆಡುವವರು ಸರಿ ದಾರಿ ಹಿಡಿಯುವ ಮೊದಲು ನೂರೆಂಟು ತಪ್ಪು ಮಾಡುತ್ತಾರೆ. ಸೌಟನ್ನು ಬೀಗಕ್ಕೆ ತುರುಕುತ್ತಾರೆ, ಬೆಕ್ಕನ್ನು ಗಡಿಯಾರದ ಮೇಲೆ ಕೂರಿಸುತ್ತಾರೆ. ಪ್ರತಿ ತಪ್ಪಿಗೂ ಬೀಗಣ್ಣ ಏನಾದರೂ ಅನ್ನಲೇಬೇಕು. ಆ ಮಾತುಗಳನ್ನೆಲ್ಲ ಬರೆಯುವುದು ಈ ತಂಗಿ. ಕಚೇರಿಯಲ್ಲಿ ಅವರನ್ನು ಎಲ್ಲರೂ ‘ತಪ್ಪಕ್ಕ’ ಎಂದೇ ಕರೆಯುತ್ತಾರೆ. ಕಥೆ ಬರೆದವರ ಹೆಸರು ಆಟದ ಶುರುವಿನಲ್ಲಿ ದೊಡ್ಡದಾಗಿ ಬರುತ್ತದೆ. ತಪ್ಪಕ್ಕನ ಹೆಸರು ಕೊನೆಯಲ್ಲಿ ‘ಸಹಕರಿಸಿದವರು’ ಎಂಬ ಸಾಲಿನಲ್ಲಿ ಇದೆ. ಅದು ಬರುವ ಹೊತ್ತಿಗೆ ಜನ ಎದ್ದು ಹೋಗಿರುತ್ತಾರೆ.

“ಬುದ್ಧಿವಂತರು ಆಡಿದ್ರೆ ನಾನು ಬರೆದಿದ್ದು ಒಂದೂ ಕೇಳಿಸಲ್ಲ. ನೇರ ಹೋಗಿ ಮುಗಿಸಿಬಿಡ್ತಾರೆ. ನನಗೆ ದಡ್ಡರೇ ದೇವರು,” ಎಂದು ನಗುತ್ತಾರೆ ಅವರು.

ಮೊದಲು ಇವರು ಬಟ್ಟೆ ಹೊಲಿಯುತ್ತಿದ್ದರು. ಅಣ್ಣ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುತ್ತಿದ್ದವರು. ಬಸ್ಸು ತಡವಾದರೆ “ಡ್ರೈವರ್ ಸಾಹೇಬರು ಟೀ ಲೋಟದ ತಳ ಹುಡುಕ್ತಾ ಇದ್ದಾರೆ, ಸಿಕ್ಕಿದ ತಕ್ಷಣ ಹೊರಡ್ತಾರೆ” ಎನ್ನುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರೂ ನಗುತ್ತಿದ್ದರು. ಒಂದು ದಿನ ಬಸ್ಸಿಗೆ ಕಾಯುತ್ತಿದ್ದ ಆಟದ ತಂಡದ ಮುಖ್ಯಸ್ಥೆಗೆ ಆ ದನಿ ಹಿಡಿಸಿತು. ಬೀಗಣ್ಣನಿಗೆ ಬಾಯಿ ಸಿಕ್ಕಿತು.

ಮೊದಲ ಕಂತಿಗೆ ತಂಡದವರು ಎಲ್ಲ ತಪ್ಪಿಗೂ ಸೇರಿಸಿ ಒಂದೇ ಮಾತು ಬರೆದಿದ್ದರು: “ಅದು ಆಗುವುದಿಲ್ಲ.” ಅಣ್ಣನಿಗೆ ಊಟ ತಂದು ಹೊರಗೆ ಕಾಯುತ್ತಿದ್ದ ತಂಗಿಗೆ ಅದನ್ನು ಕೇಳಿ ಕೇಳಿ ತಲೆ ಕೆಟ್ಟಿತು. ಇದೇನು ಬಾಯೋ, ಮುಚ್ಚಿದ ಕಚೇರಿಯ ಬೋರ್ಡೋ ಎಂದು ಕೇಳಿಯೇಬಿಟ್ಟರು. ಹಾಗಾದರೆ ಸೌಟನ್ನು ಬೀಗಕ್ಕೆ ಹಾಕಿದವರಿಗೆ ನೀವೇನು ಹೇಳುತ್ತೀರಿ ಎಂದು ಮುಖ್ಯಸ್ಥೆ ತಿರುಗಿ ಕೇಳಿದರು. “ಬೀಗಕ್ಕೆ ಹಸಿವಾಗಿಲ್ಲ ಸ್ವಾಮಿ, ನನಗಾಗಿದೆ,” ಎಂದರು ತಂಗಿ. ಊಟದ ಡಬ್ಬಿ ಬಿಚ್ಚುವ ಮೊದಲೇ ಅವರಿಗೆ ಕೆಲಸ ಸಿಕ್ಕಿತ್ತು.

ಹೀಗೆ ನಾಲ್ಕು ಕಂತು ಬಂದವು. ತಂಗಿ ಬರೆಯುವುದು, ಅಣ್ಣ ಆಡುವುದು. “ನನ್ನ ಮಾತು ಅಂತ ಬೇರೆ ಇರಲಿಲ್ಲ,” ಎನ್ನುತ್ತಾರೆ ತಪ್ಪಕ್ಕ. “ಚಿಕ್ಕಂದಿನಿಂದ ಅಣ್ಣ ನನ್ನ ಬೈದಿದ್ದೆಲ್ಲ ನೆನಪಿತ್ತಲ್ಲ, ಅದನ್ನೇ ಅವನಿಗೆ ವಾಪಸ್ ಕೊಟ್ಟೆ.”

ನಾಲ್ಕನೆಯ ಕಂತು ಮುಗಿಯುವಾಗ ಅಣ್ಣನ ಗಂಟಲು ಕಟ್ಟಿತು. ಶೀತ ಅಂದುಕೊಂಡರು, ಧೂಳು ಅಂದುಕೊಂಡರು. ಅದು ಎರಡೂ ಅಲ್ಲ. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಪರೇಷನ್ ಬರುವ ವಾರವೇ ಆಗಬೇಕು ಎಂದರು ವೈದ್ಯರು. ಐದನೆಯ, ಕೊನೆಯ ಕಂತಿನ ಕಥೆ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಕಥೆ ಆಮೇಲೆ ಆಗಲಿ, ತಪ್ಪು ಮಾತುಗಳನ್ನಾದರೂ ಈಗಲೇ ಆಡಿಸಿಟ್ಟುಕೊಳ್ಳೋಣ ಎಂದು ಮುಖ್ಯಸ್ಥೆ ಸ್ಟುಡಿಯೋ ತೆರೆಸಿದರು. ಅಣ್ಣ ಮೈಕಿನ ಮುಂದೆ ಕೂತರು. ತಂಗಿ ಪೆನ್ನು ಹಿಡಿದು ಕೂತರು.

“ಒಂದು ಮಾತೂ ಹೊಳೀಲಿಲ್ಲ. ಕೊಡೆ ಅಂದ್ರೆ ಕೊಡೆ, ಬಾವಿ ಅಂದ್ರೆ ಬಾವಿ. ಅದರಲ್ಲಿ ನಗೋದು ಏನಿದೆ ಅನ್ನಿಸಿಬಿಡ್ತು. ಅಣ್ಣ ಸುಮಾರು ಹೊತ್ತು ಕಾದ. ಆಮೇಲೆ, ‘ನಡಿಯೇ ಮನೆಗೆ ಹೋಗೋಣ, ನಗೆಯೇನು ದನಾನಾ ಎಳ್ಕೊಂಡು ಬರೋಕೆ’ ಅಂದ. ಆ ಮೈಕಿಗೆ ಅವನು ಆಡಿದ ಕೊನೇ ಮಾತು ಅದು. ಮೈಕು ಆನ್ ಮಾಡಿರಲಿಲ್ಲ.”

ಆಪರೇಷನ್ ಆಯಿತು, ಜೀವ ಉಳಿಯಿತು. ಅಣ್ಣ ಮಕ್ಕಳ ಸ್ಲೇಟೊಂದನ್ನು ಕತ್ತಿಗೆ ನೇತುಹಾಕಿಕೊಂಡು ಮನೆಗೆ ಬಂದರು. ಅವರು ಸೀಮೆಸುಣ್ಣದಲ್ಲಿ ಬರೆದು ಮುಗಿಸುವಷ್ಟರಲ್ಲಿ ಎದುರಿನವರ ಮಾತು ಬೇರೆ ಊರಿಗೆ ಹೋಗಿರುತ್ತಿತ್ತು. ತಮಾಷೆಗೆ ಹೊತ್ತು ಗೊತ್ತು ಇದೆ, ಬಿಸಿ ಆರಿದ ಮೇಲೆ ಬಡಿಸಿದರೆ ರುಚಿಯಿಲ್ಲ. ಕೆಲವು ದಿನಗಳಲ್ಲಿ ಅವರು ಸ್ಲೇಟು ಮುಟ್ಟುವುದನ್ನೇ ಬಿಟ್ಟರು.

ಇತ್ತ ತಂಡಕ್ಕೆ ಐದನೆಯ ಕಂತು ಮುಗಿಸಲೇಬೇಕಿತ್ತು. ಹಳೆಯ ಮಾತುಗಳನ್ನು ಕತ್ತರಿಸಿ ಜೋಡಿಸಿ ನೋಡಿದರು. ಹೊಲಿಗೆಯವಳ ಕಣ್ಣಿಗೆ ತೇಪೆ ಮರೆಯಾಗುತ್ತದೆಯೇ, ತಪ್ಪಕ್ಕ ಒಪ್ಪಲಿಲ್ಲ. ಅಣ್ಣನ ದನಿಯನ್ನೇ ಹೋಲುವ ಹಾಗೆ ಯಂತ್ರದಿಂದ ಮಾತಾಡಿಸಿ ತಂದು ಕೇಳಿಸಿದರು. ಅಣ್ಣ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಎಷ್ಟೋ ದಿನದ ಮೇಲೆ ಸ್ಲೇಟು ಎಳೆದುಕೊಂಡು ಬರೆದರು: “ದನಿ ನಂದೇ. ಒಳಗೆ ಯಾರೂ ಇಲ್ಲ.”

ಉಳಿದದ್ದು ಒಂದೇ ದಾರಿ, ಹೊಸಬರನ್ನು ಕರೆಯುವುದು. ಜಾಹೀರಾತುಗಳಿಗೆ ದನಿ ಕೊಡುವ ಒಬ್ಬರನ್ನು ಗೊತ್ತುಮಾಡಿದರು. ಅಣ್ಣ ತಲೆಯಾಡಿಸಿ ಒಪ್ಪಿದರು. ತಂಗಿಗೆ ಮಾತ್ರ ಕೈ ಏಳಲಿಲ್ಲ. ಅಣ್ಣನಿಗೆಂದು ಹೊಲಿದ ಅಂಗಿಯನ್ನು ಇನ್ನೊಬ್ಬರ ಮೈಗೆ ಹೇಗೆ ಹಾಕಲಿ ಎಂದು ಮುಖ್ಯಸ್ಥೆಯ ಮುಂದೆ ಅತ್ತರು. ಒಂದು ಸಾಲೂ ಬರೆಯಲಿಲ್ಲ. ಕಂತು ನಿಂತುಹೋಯಿತು.

ಅದನ್ನು ಮತ್ತೆ ಹೊರಡಿಸಿದವರು ಎದುರುಮನೆಯ ದೊಡ್ಡಮ್ಮ. ಕಾಯಿಲೆಯವರನ್ನು ನೋಡಲು ಬರುವವರೆಲ್ಲ ಮಾಡುವುದನ್ನೇ ಅವರೂ ಮಾಡಿದರು. ಅಣ್ಣನ ಕತ್ತು ನೋಡಿ ಲೊಚಗುಟ್ಟಿದರು. “ನಮ್ಮ ಮನೇಲಿ ಮಾತಿಗಿಂತ ಆ ಲೊಚ್ಚೇ ಜಾಸ್ತಿ ಕೇಳಿಸ್ತಿತ್ತು. ಬಂದೋರೆಲ್ಲ ಬಾಗಿಲಲ್ಲೇ ಶುರು. ಮೈಯೆಲ್ಲ ಉರೀತಿತ್ತು ನನಗೆ,” ಎನ್ನುತ್ತಾರೆ ತಪ್ಪಕ್ಕ. ಆ ದಿನ ಅಣ್ಣ ದೊಡ್ಡಮ್ಮನ ಕಾಲಿನ ಊತವನ್ನು ಸಾವಕಾಶವಾಗಿ ನೋಡಿದರು. ನೋಡಿ, ಅಷ್ಟೇ ಕನಿಕರದಿಂದ ತಾವೂ ಲೊಚಗುಟ್ಟಿದರು. ದೊಡ್ಡಮ್ಮ ಗಾಬರಿಯಾಗಿ ತಮ್ಮ ಕಾಲು ನೋಡಿಕೊಂಡರು, ಮತ್ತೆ ಲೊಚಗುಟ್ಟಿದರು. ಅಣ್ಣ ಇನ್ನೂ ಒಂದು ಸೇರಿಸಿ ಕೊಟ್ಟರು. ಒಳಗೆ ಪಾತ್ರೆ ತೊಳೆಯುತ್ತಿದ್ದ ತಂಗಿ ನಕ್ಕು ನಕ್ಕು ಅಲ್ಲೇ ಕುಸಿದು ಕೂತರು. ಆಮೇಲೆ ಅಳು ಬಂತು. ಆಮೇಲೆ ಮುಖ್ಯಸ್ಥೆಗೆ ಫೋನು ಮಾಡಿದರು. ನಾಲಗೆ ಇದೆ, ಹಲ್ಲಿದೆ, ಹೊತ್ತು ಗೊತ್ತು ತಿಳಿದಿದೆ, ಇನ್ನೇನು ಬೇಕು ಎಂದು ಕೇಳಿದರು.

“ಸರಿ ಉತ್ತರ ಎಲ್ಲ ಹೊಸಬರೇ ಹೇಳ್ಲಿ. ತಪ್ಪೆಲ್ಲ ನಮ್ಮಣ್ಣನಿಗೆ ಬಿಡಿ ಅಂದೆ.”

ಹಾಗೆ ಐದನೆಯ ಕಂತಿನಲ್ಲಿ ತಪ್ಪು ಮಾಡಿದವರಿಗೆ ಬೀಗಣ್ಣ ಮಾತೇ ಆಡುವುದಿಲ್ಲ, ಲೊಚಗುಟ್ಟುತ್ತಾನೆ. ಬೆಕ್ಕಿಗೊಂದು ಬಗೆ, ಬಾವಿಗೊಂದು ಬಗೆ. ಸ್ಟುಡಿಯೋಗೆ ಹೋಗಿಬರುವ ಶಕ್ತಿ ಅಣ್ಣನಿಗಿಲ್ಲ, ಹಾಗಾಗಿ ಮೈಕೇ ಮನೆಯ ಸಾಮಾನಿನ ಕೋಣೆಗೆ ಬಂತು. ಹೊಸ ದನಿಯವರು ಮನೆಗೆ ಬಂದು, ನಾನು ನಿಮ್ಮ ಹಾಗೆ ಮಾಡಲಾರೆ ಗುರುಗಳೇ ಎಂದು ಕೈ ಹಿಡಿದುಕೊಂಡರಂತೆ. ಅಣ್ಣ ಅವರಿಗೂ ಒಂದು ‘ಲೊಚ್’ ಕೊಟ್ಟು ಬೆನ್ನು ತಟ್ಟಿದರು.

ಮೊನ್ನೆ ಕತ್ತಿನ ಪಕ್ಕದಲ್ಲಿ ಹೊಸ ಗಂಟು ಕಾಣಿಸಿಕೊಂಡಿದೆ. ಈ ಸಲ ಕತ್ತರಿಸಲು ಜಾಗವಿಲ್ಲ ಎಂದಿದ್ದಾರೆ ವೈದ್ಯರು. ಅಣ್ಣನಿಗೂ ಗೊತ್ತು. ಸ್ಲೇಟಿನಲ್ಲಿ ಅವರು ತಂಗಿಯನ್ನು ಕೇಳಿದ್ದು ಇಷ್ಟೇ, ಇನ್ನೆಷ್ಟು ತಪ್ಪು ಉಳಿದಿವೆ ಎಂದು. ಬಾಗಿಲ ಬಳಿ ಕಾಫಿ ಹಿಡಿದು ನಿಂತ ಅತ್ತಿಗೆ, ಅಣ್ಣನ ಹೆಂಡತಿ, “ಮಾತು ಬರ್ತಿದ್ದಾಗಲೂ ನನ್ನ ಹತ್ರ ಇಷ್ಟೇ ಆಡ್ತಿದ್ದಿದ್ದು ಇವರು,” ಎಂದು ಹೇಳಿ, ಮುಖ ತಿರುಗಿಸಿ ಒಳಗೆ ಹೋಗುತ್ತಾರೆ.

ಇವತ್ತಿನದು ಕೊನೆಯ ತಪ್ಪು. ಆಟದ ಕಟ್ಟಕಡೆಯ ಬಾಗಿಲಿಗೆ ಬೀಗವೇ ಹಾಕಿಲ್ಲ, ತಳ್ಳಿದರೆ ಸಾಕು. ಅದು ತಿಳಿಯದೆ ಜನ ಚೀಲದಲ್ಲಿರುವುದನ್ನೆಲ್ಲ ಅದಕ್ಕೆ ತುರುಕುತ್ತಾರೆ. “ಅಣ್ಣ, ತೆಗೆದೇ ಇರೋ ಬಾಗಿಲಿಗೆ ಸೌಟು ಹಾಕ್ತಿದ್ದಾರೆ,” ಎನ್ನುತ್ತಾರೆ ತಂಗಿ. ಅಣ್ಣ ಉಸಿರು ಹಿಡಿಯುತ್ತಾರೆ. ಆಮೇಲೆ ಒಂದೇ ಒಂದು ‘ಲೊಚ್’, ಮೆಲ್ಲಗೆ, ನಿದ್ದೆಯಲ್ಲಿರುವ ಮಗುವಿಗೆ ಮುತ್ತು ಕೊಟ್ಟ ಹಾಗೆ. ತಂಗಿ ಇನ್ನೊಮ್ಮೆ ಮಾಡು ಎನ್ನುವುದಿಲ್ಲ. ಪಕ್ಕದ ಮನೆಯ ಪಂಪು ಗುರ್ರೆನ್ನುತ್ತದೆ. ಅಣ್ಣ ಎದ್ದು, ತಂಗಿಯ ತಲೆಯ ಮೇಲೊಂದು ಕುಟ್ಟಿ, ಕಾಫಿಗೆ ಹೋಗುತ್ತಾರೆ.

ಮೈಕಿನ ವೈರು ಸುತ್ತುತ್ತ ಕೂತ ತಪ್ಪಕ್ಕನಿಗೆ ಹೆಸರು ದೊಡ್ಡದಾಗಿ ಬರಬೇಕೆಂಬ ಆಸೆಯೇನೂ ಇಲ್ಲ. ಆಸೆ ಬೇರೆ ಇದೆ.

“ಆಡೋರು ಬೇಗ ಗೆದ್ದುಬಿಡಬಾರದು. ಸೌಟು ಬೀಗಕ್ಕೆ ಹಾಕ್ಲಿ, ಅಜ್ಜಿ ಮೇಲೆ ಏಣಿ ಇಡ್ಲಿ. ಇನ್ನೊಂದು ಹತ್ತು ವರ್ಷ ಆದಮೇಲೂ ಯಾರೋ ಎಲ್ಲೋ ಕೂತ್ಕೊಂಡು ತಪ್ಪು ಮಾಡ್ತಾ ಇರ್ಲಿ. ಅವರು ತಪ್ಪು ಮಾಡಿದ್ರೇನೇ ನಮ್ಮಣ್ಣ ಕೇಳಿಸೋದು.”