ಮುಂಚೆ ಬೀಳುವ ಬೆರಳು

ಮಾಮುವಿನ ಬಲಗೈ ತೋರುಬೆರಳು ನಿದ್ದೆಯಲ್ಲೂ ಸುಮ್ಮನಿರುತ್ತಿರಲಿಲ್ಲ. ಅದರ ತುದಿ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು. ಉಗುರಿನ ಸಂದಿಯಲ್ಲಿ ತಬಲಾದ ಕರಿ ಮಸಿ ಕೂತುಬಿಟ್ಟಿತ್ತು. ಮಧ್ಯಾಹ್ನ ಉಂಡು ಮಲಗಿದರೆ ಆ ಬೆರಳು ಕಬ್ಬಿಣದ ಮಂಚದ ಪಟ್ಟಿಯನ್ನು ಟಕ್, ಟಕ್ ಎಂದು ತಟ್ಟುತ್ತಲೇ ಇರುತ್ತಿತ್ತು. "ಸತ್ತ ಮ್ಯಾಲರ ಇದು ಸುಮ್ನ ಇರ್ತದೋ ಇಲ್ಲೋ," ಎಂದು ಮಾಮಿ ಗೊಣಗುತ್ತಿದ್ದರು. ಆ ಮಾತು ಈಗ ನೆನಪಾದರೆ ಮೈ ಜುಮ್ಮೆನ್ನುತ್ತದೆ.

ಸ್ವಂತ ಮಾವನಲ್ಲ. ಬಸವಕಲ್ಯಾಣದ ಕೋಟೆಯ ಹಿಂದೆ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಮಾಮು. ಹೆಣ್ಣುಹುಡುಗಿಗೆ ತಬಲಾ ಯಾಕೆ ಎಂದು ಓಣಿ ಮೂಗು ಮುರಿದಾಗ, "ರೊಟ್ಟಿ ಬಡಿಯೋ ಕೈಗೆ ತಬಲಾ ಬಡಿಯೋದೇನ್ ದೊಡ್ಡದು?" ಎಂದು ನನ್ನನ್ನು ಕೂರಿಸಿಕೊಂಡು ಕಲಿಸಿದರು. ತಾಳದ ಸುತ್ತು ಮುಗಿದು ಮತ್ತೆ ಬಂದು ಸೇರುವ ಮೊದಲ ಪೆಟ್ಟಿಗೆ ಸಮ್ ಎನ್ನುತ್ತಾರೆ. ನಾನು ಅಲ್ಲಿಗೆ ತಡವಾಗಿ ಬಂದಾಗಲೆಲ್ಲ ಅವರದು ಒಂದೇ ಮಾತು: "ಸಮ್ ಯಾರನ್ನೂ ಕಾಯಂಗಿಲ್ಲ, ಬೇಟಿ."

ಸೋಮವಾರ ಬಂತೆಂದರೆ ತಬಲಾವನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೂ ಟಿಕೆಟ್ ಕೇಳಿದ ಕಂಡಕ್ಟರನ ಜೊತೆ ಜಗಳವಾಡುತ್ತ ಹುಮನಾಬಾದಿಗೆ ಹೋಗುತ್ತಿದ್ದರು. ಅಲ್ಲಿ ವಚನ ಹಾಡುವ ಅಕ್ಕೋರು ಇದ್ದರು. ಆ ದನಿ, ಈ ಬೆರಳು, ನಾನು ಹುಟ್ಟುವ ಮೊದಲಿನಿಂದಲೂ ಜೋಡಿ. ಮಾಮು ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಸ್ಸು ನಿಂತಿತು. ಅಕ್ಕೋರ ಹಾಡೂ ನಿಂತಿತು. ಬೇರೆ ತಬಲಜಿಯನ್ನು ಕರೆತಂದರೆ, "ಇವರ ಪೆಟ್ಟಿಗೆ ನನ್ನ ದನಿ ಏಳಂಗಿಲ್ರಿ," ಎಂದು ಎದ್ದು ಒಳಗೆ ಹೋದರಂತೆ. ಇತ್ತ ಮಾಮು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. "ಸಾಯೋದು ಇದ್ದದ್ದೇ. ಒಂದ್ಸಲ ಆಕಿ ಕೂಡ ಬರಾಬರ್ ಸಮ್‌ಗೆ ಬಿದ್ದು ಸಾಯಬೇಕು," ಎಂದರು.

ನನ್ನ ಕೆಲಸವೇ ಒಂದು ಕಂಪನಿಯ ಕಂಪ್ಯೂಟರ್ ಯಂತ್ರಗಳದ್ದು. ಎರಡೂ ಮನೆಗೆ ವೈರಿನ ಮೈಕು, ಸ್ಪೀಕರ್ ಹಚ್ಚಿ ಒಂದು ಆ್ಯಪಿನಲ್ಲಿ ಜೋಡಿಸಿದೆ. ಅಯ್ಯೋ, ಅದೇನು ಅವಸ್ಥೆ! ಇಲ್ಲಿ ಹೊಡೆದ ಪೆಟ್ಟು ಅಲ್ಲಿ ಹಾಡು ಮುಂದೆ ಹೋದ ಮೇಲೆ ಕೇಳುತ್ತಿತ್ತು.

"ಹುಮನಾಬಾದ್ ಇಲ್ಲೇ ಅದ ಖರೆ ಮಾಮು. ಆದ್ರ ಆ್ಯಪಿನ ಯಂತ್ರ ಮುಂಬೈನಾಗ ಅದ. ನಿಮ್ಮ ಪೆಟ್ಟು ಅಲ್ಲಿಗೆ ಹೋಗಿ ಹೊಳ್ಳಿ ಬರಬೇಕು," ಎಂದೆ.

"ಬಾಜೂಕಿನ ಮುಡಬಿಗೆ ಹೋಗಾಕ ಯಾವ ಹುಚ್ಚ ಮುಂಬೈ ಗಾಡಿ ಹತ್ತತಾನ?" ಎಂದು ರೇಗಿದರು.

ಆದರೆ ಛಲ ಬಿಡುವ ಮನುಷ್ಯನಲ್ಲ. ಪೆಟ್ಟು ತಡವಾಗಿ ಮುಟ್ಟುತ್ತದೆಂದರೆ ಮುಂಚೆಯೇ ಹೊಡೆಯುವುದೆಂದು ಹಟ ಹಿಡಿದರು. ಸ್ಪೀಕರಿನಲ್ಲಿ ಬರುವ ಅಕ್ಕೋರ ದನಿ ಆಗಲೇ ಹಳೆಯದು. ಅದನ್ನು ಕೇಳಿದರೆ ಕೈ ಹಿಂದೆ ಬೀಳುತ್ತದೆ. ಹಾಗಾಗಿ ಸ್ಪೀಕರ್ ಬಂದ್ ಮಾಡಿಸಿ, ಕಣ್ಣು ಮುಚ್ಚಿ, ಅಕ್ಕೋರು ಈಗ ಎಲ್ಲಿರಬಹುದು ಎಂದು ಊಹಿಸಿ ಬಾರಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಮೊಣಕಾಲ ಮೇಲೆ ಹಾಗೆಯೇ ತಟ್ಟುತ್ತಿದ್ದೆ. ಸದ್ದಿಲ್ಲದ ಕೋಣೆಯಲ್ಲಿ ಬರೀ ತಬಲಾ. ಎದುರಿಗೆ ಯಾರೋ ಕೂತು ಹಾಡುತ್ತಿರುವಂತೆ ಅವರು ತಲೆದೂಗುವುದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಅಕ್ಕೋರು ಅರ್ಧಮನಸ್ಸಿನಿಂದ ಹಾಡಿದರು, ಅಷ್ಟೇ.

ಹೀಗೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಕಂಪನಿ ಹುಮನಾಬಾದಿನ ಹೈವೇ ಪಕ್ಕ ಒಂದು ಪುಟ್ಟ ಡೇಟಾ ಸೆಂಟರ್ ತೆರೆಯಿತು. ಇಂಥವಕ್ಕೆ ಎಡ್ಜ್ ಎನ್ನುತ್ತಾರೆ: ದೂರದ ಮಹಾನಗರದಲ್ಲಲ್ಲ, ಬಳಸುವ ಜನರ ಅಂಚಿನಲ್ಲೇ ಇರುವಂಥದ್ದು. ತಣ್ಣನೆಯ ಒಂದು ಕೋಣೆ, ಸಾಲು ಕಪಾಟು, ಸದಾ ಗುಂಯ್‌ಗುಡುವ ಫ್ಯಾನು. ದವಾಖಾನೆಯ ವಿಡಿಯೊ ಇರಲಿ, ಕಾರ್ಖಾನೆಯ ಕ್ಯಾಮೆರಾ ಇರಲಿ, ಕೆಲಸ ಅಲ್ಲೇ ಮುಗಿದು ಉತ್ತರ ಅಲ್ಲಿಂದಲೇ ಮರಳುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಸಾಹೇಬರನ್ನು ಕಾಡಿ ಬೇಡಿ ಸೋಮವಾರ ಸಂಜೆ ಹಾಡಿನ ಲೈನನ್ನೂ ಅದರೊಳಗಿಂದ ಹಾಯಿಸಿದೆ.

ಸ್ಪೀಕರ್ ಮತ್ತೆ ಚಾಲೂ ಮಾಡಿದೆ. ಮಾಮು ರೂಢಿಯಂತೆ ಕಣ್ಣು ಮುಚ್ಚಿ ಊಹಿಸಿಯೇ ಬಾರಿಸಿದರು. ನಾನು ಕುಣಿಯುವುದೊಂದೇ ಬಾಕಿ. ಆದರೆ ಸಮ್ ಅಕ್ಕೋರಿಗಿಂತ ಮುಂಚೆಯೇ ಬಿತ್ತು. ಮತ್ತೊಂದು ಸುತ್ತು, ಮತ್ತೆ ಮುಂಚೆ. ದಾರಿ ಗಿಡ್ಡವಾಗಿತ್ತು, ಬೆರಳಿಗೆ ಅದು ಗೊತ್ತಿರಲಿಲ್ಲ. ಮಾಮು ಆ ಬೆರಳನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಯಾರದೋ ಎಂಬಂತೆ ನೋಡಿದರು.

"ಈ ಕೈ ನಂದಲ್ಲ ಬೇಟಿ. ಇದರಾಗ ಬ್ಯಾರೆ ಯಾರೋ ಕುಂತಾರ."

ಅಷ್ಟು ಹೆದರಿದ ಮುಖವನ್ನು ಅವರಲ್ಲಿ ನಾನು ಎಂದೂ ಕಂಡಿರಲಿಲ್ಲ.

ಮುಂದಿನ ವಾರಗಳಲ್ಲೂ ಅದೇ ಹಾಡು. ಕೊನೆಗೊಂದು ಸಂಜೆ ಅಕ್ಕೋರು ಅರ್ಧಕ್ಕೇ ಹಾಡು ನಿಲ್ಲಿಸಿ ಸ್ಪೀಕರಿನಿಂದಲೇ ಗದರಿದರು: "ಯಾಕ್ರಿ, ಊಹಿಸಿ ಬಾರಸಾಕತ್ತೀರಿ? ನಾ ಈಗ ಬಾಜೂಕೇ ಅದೀನಿ. ಕಣ್ಣು ತಗೀರಿ. ನನ್ನ ದನಿ ಕೇಳ್ರಿ."

ಮಾಮು ಕಣ್ಣು ತೆರೆದರು. ಎಷ್ಟೋ ತಿಂಗಳ ಮೇಲೆ ಆ ದನಿಯನ್ನು ಕೇಳುತ್ತ ಬಾರಿಸಿದರು. ಸಮ್ ಬಂತು. ದನಿ, ಪೆಟ್ಟು ಎರಡೂ ಕೂಡಿ ಬಿದ್ದವು. "ಹಾಂ!" ಎಂದು ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಒಟ್ಟಿಗೆ ಕೂಗಿದರು. ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಇಡಲು ಹೋದರು.

ಮುಂದಿನ ಸೋಮವಾರಕ್ಕೆ ಮಾಮು ಇರಲಿಲ್ಲ. ಮಂಚದ ಮೇಲೆ ಮಲಗಿದ್ದವರು ಏಳಲಿಲ್ಲ. "ಟಕ್ ಟಕ್ ನಿಂತಾಗ ನಂಗ ಎಚ್ಚರಾತು," ಎಂದರು ಮಾಮಿ. ಮೈಕು, ಸ್ಪೀಕರ್ ಕೀಳಲು ಹೋದರೆ ನನ್ನ ಕೈ ಹಿಡಿದರು: "ಇರ್ಲಿ ಬಿಡು. ಆಕಿ ಹಾಡು ಈ ಕೋಣಿಗೆ ಕೇಳ್ಲಿ."

ಆ ಸಂಜೆ ಅಕ್ಕೋರು ಹಾಡುತ್ತೇನೆಂದರು. ನಾನು ಹುಮನಾಬಾದಿನ ಅವರ ಮನೆಯಲ್ಲೇ ಮಣೆಯ ಮೇಲೆ ಕೂತಿದ್ದೆ. ಸ್ಪೀಕರಿನಲ್ಲಿ ಮಾಮುವಿನ ಖಾಲಿ ಕೋಣೆ ಕೇಳುತ್ತಿತ್ತು: ದೂರದ ಆಜಾನ್, ಮಾಮಿಯ ಬಳೆ, ಮಂಚದ ಒಂದು ಕಿರ್ ಸದ್ದು. ಸಮ್ ಹತ್ತಿರ ಬಂದಾಗ ಅಕ್ಕೋರು ಸ್ವರವನ್ನು ಹಿಡಿದು ನಿಂತರು. ಯಾರನ್ನೂ ಕಾಯದ ಸಮ್ ಅನ್ನು ಕಾಯಿಸಿದರು.

ಟಕ್.

ಅಕ್ಕೋರು ಕಣ್ಣು ತೆರೆಯಲಿಲ್ಲ. "ಬಂದ್ರು ನೋಡು," ಎಂದರು. "ಇವತ್ತೂ ಜರಾ ಮುಂಚೇನ ಬಂದ್ರು."

ನಾನು ಕೆಳಗೆ ನೋಡಿದೆ. ಮಣೆಯ ಅಂಚನ್ನು ತಟ್ಟುತ್ತಿದ್ದದ್ದು ನನ್ನ ಬಲಗೈ ತೋರುಬೆರಳು. ನಾನು ಅದನ್ನು ನಿಲ್ಲಿಸಲಿಲ್ಲ.