ನಿಮಿಷಕ್ಕೊಂದು ಹನಿ: ವಿಜಯಪುರದಿಂದ ಶಿವಗಂಗೆಗೆ

ಜನವರಿಯ ಒಂದು ಭಾನುವಾರ, ಬೆಳಗಿನ ಚಳಿಯಲ್ಲಿ, ದೊಡ್ಡಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ದೇವನಹಳ್ಳಿ ಬಳಿಯ ನಮ್ಮ ವಿಜಯಪುರದಿಂದ ಶಿವಗಂಗೆಗೆ ಹೊರಟೆ. ಹೋಗಲು ಸುಮಾರು ಎಪ್ಪತ್ತೈದು ಕಿಲೋಮೀಟರು. ದೊಡ್ಡಮ್ಮ ಕೆನೆ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಬೇಕೆಂದೇ ಆ ಬಣ್ಣ ಆರಿಸಿದ್ದಳು.

ಹಿಂದೊಮ್ಮೆ ಮದುವೆಗೆ ಹೋಗುವಾಗ, ಆಗಷ್ಟೇ ಚೈನಿಗೆ ಹೊಡೆದಿದ್ದ ಎಣ್ಣೆಯ ಸ್ಪ್ರೇ ಸಿಡಿದು ಅವಳ ಸೀರೆಯ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಗಳು ಬಿದ್ದಿದ್ದವು. ರೇಷ್ಮೆ ನೂಲು ಹುರಿ ಮಾಡುವ ಕಡೆ ವರ್ಷಗಟ್ಟಲೆ ದುಡಿದವಳು. ರೇಷ್ಮೆಗೆ ಎಣ್ಣೆ ತಾಗಿದರೆ ಸಹಿಸುವುದಿಲ್ಲ. ಅಂದಿನಿಂದ ನನ್ನ ಬೈಕ್ ಹತ್ತಿರಲಿಲ್ಲ. ನನಗೆ ಮಾತು ಕಡಿಮೆ. ನನ್ನ ಜೊತೆ ಊರು ಸುತ್ತಲು ಬರುತ್ತಿದ್ದವಳು ಅವಳೊಬ್ಬಳೇ.

ಅದಕ್ಕೇ ಚೈನಿಗೆ ತಾನಾಗಿ ಎಣ್ಣೆ ಹನಿಸುವ ಸಾಧನವೊಂದನ್ನು ತರಿಸಿ, ಶನಿವಾರ ಅಂಗಳದಲ್ಲಿ ಕೂತು ನಾನೇ ಜೋಡಿಸಿದೆ. ಸೀಟಿನ ಪಕ್ಕ ಪುಟ್ಟದೊಂದು ಎಣ್ಣೆ ಡಬ್ಬಿ. ಅದರಿಂದ ಹಿಂಚಕ್ರದ ಹಲ್ಲುಗಾಲಿಯವರೆಗೆ ಸಣ್ಣ ಪೈಪು. ಎಂಜಿನ್ ಓಡುವಾಗ ಮಾತ್ರ ಎಣ್ಣೆ ಇಳಿಯುತ್ತದೆ. ಒಮ್ಮೆಗೇ ಬಳಿದಂತೆ ಅಲ್ಲದೆ ಹನಿಹನಿಯಾಗಿ ಬೀಳುವುದರಿಂದ ಸಿಡಿಯುವುದಿಲ್ಲ. ಚಕ್ರಕ್ಕೆ ತಾಗದಂತೆ ಪೈಪು ಕಟ್ಟುವಷ್ಟರಲ್ಲಿ ಸಂಜೆಯಾಯಿತು. ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಎಂಜಿನ್ ಚಾಲೂ ಮಾಡಿ, ನಿಮಿಷಕ್ಕೊಂದು ಹನಿ ಬೀಳುವಂತೆ ಡಬ್ಬಿಯ ತಿರುಗುಗುಂಡಿಯನ್ನು ಹೊಂದಿಸಿದೆ.

"ಒಂದ್ ಚುಕ್ಕೆ ಬಿದ್ರೂ ನಾನು ಬಸ್ಸಲ್ಲಿ ಬಂದ್ಬಿಡ್ತೀನಿ. ಆಮೇಲೆ ಎಲ್ಲಿಗೂ ಕರೀಬೇಡ," ಎಂದು ಹೇಳಿಯೇ ದೊಡ್ಡಮ್ಮ ಹತ್ತಿದಳು. ಅವಳು ಒಂದೇ ಬದಿಗೆ ಕಾಲು ಹಾಕಿ ಕೂರುವುದು. ಚೈನೂ ಅದೇ ಬದಿಗಿದೆ.

ದೇವನಹಳ್ಳಿ ದಾಟುವವರೆಗೂ ಮಂಜು. ದೊಡ್ಡಬಳ್ಳಾಪುರದಲ್ಲಿ ತಟ್ಟೆ ಇಡ್ಲಿ ತಿಂದು, ಬಗ್ಗಿ ನೋಡಿದೆ. ಚೈನು ತೇವವಾಗಿತ್ತು, ಟೈರು ಒಣಗಿತ್ತು. ಅಲ್ಲಿಂದ ಹೊರಟು ದೊಡ್ಡಬೆಳವಂಗಲದ ಬಳಿ ಟೀಗೆ ನಿಲ್ಲಿಸಿದೆವು. ಎಂಜಿನ್ ಆರಿಸುವ ಮೊದಲೇ ಟೀ ಅಂಗಡಿಯವರು ಕೂಗಿದರು.

"ಏನಮ್ಮಾ, ಗಾಡಿ ಸೋರ್ತಾ ಐತಲ್ಲ!"

"ಅದು ಸೋರೋ ಥರಾನೇ ಮಾಡಿರೋದು," ಎಂದೆ.

ದೊಡ್ಡಮ್ಮ ಸೀರೆ ಎತ್ತಿ ಹಿಡಿದು ಕೆಳಗಿಳಿದಳು. "ಕೇಳಿದ್ರಾ ಅಣ್ಣಾ? ಎಲ್ರೂ ದುಡ್ಡು ಕೊಟ್ಟು ಸೋರೋದ್ ನಿಲ್ಲಿಸ್ತಾರೆ. ಇವಳು ದುಡ್ಡು ಕೊಟ್ಟು ಸೋರಿಸ್ಕೊಂಡಿದ್ದಾಳೆ!"

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಸೀರೆಯಲ್ಲಿ ಕಲೆ ಇರಲಿಲ್ಲ. ಟೀ ಕುಡಿದು ಮುಂದೆ ಹೊರಟೆವು.

ಶಿವಗಂಗೆ ತಲುಪಿದಾಗ ಬಿಸಿಲು ಏರಿತ್ತು. ಬೈಕ್ ನಿಲ್ಲಿಸಲು ಇಪ್ಪತ್ತು ರೂಪಾಯಿ ಕೊಟ್ಟು, ದೊಡ್ಡಮ್ಮನ ಮಂಡಿಗೆ ತೊಂದರೆಯಾಗದಂತೆ ನಿಧಾನವಾಗಿ ಮೆಟ್ಟಿಲು ಹತ್ತಿ ಗಂಗಾಧರೇಶ್ವರನ ಗುಡಿಗೆ ಹೋದೆವು. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ಇಲ್ಲಿಯ ನಂಬಿಕೆ. ದೊಡ್ಡಮ್ಮ ಕೊಟ್ಟ ತುಪ್ಪವೂ ಗಟ್ಟಿಯಾಗಿ, ಬೆಳ್ಳಗೆ, ಅವಳ ಅಂಗೈಗೆ ಬಂತು. ಅವಳ ಕಣ್ಣು ತುಂಬಿತು.

ಮೆಟ್ಟಿಲು ಇಳಿಯುವಾಗ ಅದನ್ನು ಅಷ್ಟಷ್ಟೇ ತಿನ್ನುತ್ತಿದ್ದಳು. ಬಿಸಿಲಿಗೆ ಬೆಣ್ಣೆ ಕರಗಿ ಬೆರಳ ಸಂದಿಯಿಂದ ಇಳಿಯತೊಡಗಿತು. ಅದನ್ನು ನೋಡುತ್ತ ನಿಂತುಬಿಟ್ಟೆ. ನಾನು ಹನಿ ಎಣಿಸಿದ್ದು ಚಳಿಯಲ್ಲಿ, ಎಣ್ಣೆ ಮಂದವಾಗಿದ್ದಾಗ. ಈಗ ಅದು ನೀರಿನಂತೆ ತೆಳುವಾಗಿರುತ್ತದೆ. ಟೈರಿಗೆ ಇಳಿದರೆ ಸೀರೆಯ ಮಾತಿರಲಿ, ತಿರುವಿನಲ್ಲಿ ಇಬ್ಬರೂ ಜಾರುತ್ತೇವೆ.

ಕೆಳಗೆ ಬಂದು ಎಂಜಿನ್ ಚಾಲೂ ಮಾಡಿದೆ. ಹನಿಗಳು ಒಂದರ ಹಿಂದೊಂದು ಉದುರಿದವು. ಚಕ್ರದ ರಿಮ್ಮಿನ ಮೇಲೆ ಎಣ್ಣೆಯ ಸಣ್ಣ ಗೆರೆ ಮೂಡಿತ್ತು. ಟೈರು ಮುಟ್ಟಲು ಬೆರಳಗಲ ಬಾಕಿ. ಒರೆಸಿ, ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ನಿಮಿಷಕ್ಕೊಂದು ಹನಿಗೆ ತಂದೆ.

"ಏನೇ ಅದು?" ಎಂದಳು ದೊಡ್ಡಮ್ಮ.

ಏನೂ ಇಲ್ಲ ಎನ್ನಬಹುದಿತ್ತು, ಆದರೆ ಇದ್ದದ್ದನ್ನೇ ಹೇಳಿದೆ. "ಬಿಸಿಲಿಗೆ ಎಣ್ಣೆ ಜಾಸ್ತಿ ಬೀಳ್ತಿತ್ತು. ನಾನು ಅದನ್ನ ಯೋಚ್ನೆ ಮಾಡಿರ್ಲಿಲ್ಲ. ಈಗ ಕಡಿಮೆ ಮಾಡ್ದೆ."

ಎದುರಿಗೇ ಬಸ್ಸು ನಿಂತಿತ್ತು, ಹೊರಡುವ ಸದ್ದು ಮಾಡುತ್ತ. ದೊಡ್ಡಮ್ಮ ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಕಡಿಮೆ ಮಾಡ್ದೆ ತಾನೆ? ಮತ್ತೇನ್ ನಿಂತಿದ್ದೀಯ, ನಡಿ. ಬಿಸಿಲು."

ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಟೈರು ಮುಟ್ಟಿ ನೋಡಿದೆ. ಧೂಳು ಮಾತ್ರ ಕೈಗೆ ಹತ್ತಿತು. ದೊಡ್ಡಬಳ್ಳಾಪುರ ದಾಟಿದ ಮೇಲೆ ನನ್ನ ಭುಜ ಸಡಿಲವಾಯಿತು. ಹಿಂದೆ ದೊಡ್ಡಮ್ಮ ದ್ರಾಕ್ಷಿ ತೋಟಗಳನ್ನು ತೋರಿಸಿ ಯಾರು ಯಾರ ಮನೆಗೆ ಹೆಣ್ಣು ಕೊಟ್ಟರು ಎಂದು ಹೇಳುತ್ತ ಬಂದಳು.

ಮನೆಯಲ್ಲಿ, ಜಗಲಿಯ ಬೆಳಕಿನಲ್ಲಿ ಸೀರೆಯ ಪರೀಕ್ಷೆ ನಡೆಯಿತು. ಅಂಚು ಶುದ್ಧ. ಹಿಂಭಾಗ ಶುದ್ಧ. ಮುಂದೆ, ನೆರಿಗೆಯ ಮೇಲೆ, ರೂಪಾಯಿಯಗಲದ ಜಿಡ್ಡಿನ ಕಲೆ.

ದೊಡ್ಡಮ್ಮ ನೆರಿಗೆ ಎತ್ತಿ ಮೂಸಿದಳು. ಮತ್ತೊಮ್ಮೆ ಮೂಸಿ, ನನ್ನ ಮೂಗಿಗೂ ಹಿಡಿದಳು. ಗುಡಿಯ ತುಪ್ಪ.

"ಇದನ್ನ ನಿನ್ನ ಗಾಡಿ ಲೆಕ್ಕಕ್ಕೆ ಬರ್ಕೊಳಲ್ಲ," ಎಂದು ಕಲೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು.